ಆಕಳಿಗೂ 12 ಅಂಕಿ, ಕಾಕಾಗೂ 12 ಅಂಕಿ

ಗದಗ ಜಿಲ್ಲೆಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಪಶುಪಾಲನೆ ಹಾಗೂ ಪಶುವೈದ್ಯ ಸೇವಾ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಒಬ್ಬರು ಓದಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ನನ್ನ ತಕರಾರೂ ಅದೇ.

ಲಕ್ಷ್ಮೇಶ್ವರದ ಕಡೆ ಒಂದು ಸಣ್ಣ ಊರಲ್ಲಿ ನನ್ನದು ಔಷಧಿ ಅಂಗಡಿ. 22 ವರ್ಷ ಆಯ್ತು. ಸಣ್ಣ ಊರಲ್ಲಿ ಬರೀ ಮಂದಿ ಔಷಧಿ ಇಟ್ಟರೆ ಅಂಗಡಿ ನಡೆಯುವುದಿಲ್ಲ. ಎಡಗಡೆ ಕಪಾಟಿನಲ್ಲಿ ಮಂದಿಗೆ ಬೇಕಾದದ್ದು: ಜ್ವರದ ಮಾತ್ರೆ, ಶುಗರ್, ಬಿಪಿ. ಬಲಗಡೆ ದನಕ್ಕೆ ಬೇಕಾದದ್ದು: ಕ್ಯಾಲ್ಸಿಯಂ ಬಾಟಲಿ, ಜಂತಿನ ಔಷಧಿ, ಕೆಚ್ಚಲಿಗೆ ಹಚ್ಚುವ ಮುಲಾಮು. ನಡುವೆ ನಾನು. ನಮ್ಮ ಭಾಗದಲ್ಲಿ ಮಂದಿ ಕಾಯಿಲೆಯೂ ದನದ ಕಾಯಿಲೆಯೂ ಒಟ್ಟಿಗೆ ಬಂದು ನಿಲ್ಲುವ ಜಾಗ ಅಂದ್ರೆ ಬಹುಶಃ ನನ್ನ ಕೌಂಟರ್ ಒಂದೇ. ಅಲ್ಲಿ ನಿಂತೂ ನನಗೆ ಕಾಣಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮ್ಮ ಕಡೆ ಬರುತ್ತೇನೆ.

ನಮ್ಮ ಕಾಕಾ ಹೊಲದಲ್ಲೇ ಮನೆ ಮಾಡಿಕೊಂಡವರು. ಆಗ ಎರಡು ಎಚ್‌ಎಫ್ ತಳಿಯ ಆಕಳು, ಒಂದು ಎಮ್ಮೆ ಇದ್ದವು. ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಒಂದು ವಾರ ಇತ್ತು. ಬೆಳಿಗ್ಗೆ ನಾನು ಶಟರ್ ಎತ್ತುವಾಗಲೇ ಬಂದು ನಿಂತಿದ್ದರು. ಏಳು ತಿಂಗಳ ಗಬ್ಬದ ಆಕಳು ರಾತ್ರಿ ಕಂದು ಹಾಕಿತ್ತು, ಅಂದ್ರೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತ್ತು. ಮಾಸು, ಅಂದ್ರೆ ಕರುವಿನ ಹಿಂದೆ ಬೀಳುವ ಚೀಲ, ಬಿದ್ದಿರಲಿಲ್ಲ. ಅದಕ್ಕೆ ಕುಡಿಸುವ ಔಷಧಿ ಕೇಳಿದರು. ಬಲಗಡೆ ಕಪಾಟಿನಿಂದ ತೆಗೆದುಕೊಟ್ಟೆ.

ಸಂಜೆ ಸುಮ್ನೆ ನೋಡಿಕೊಂಡು ಬರೋಣ ಅಂತ ಹೊಲಕ್ಕೆ ಹೋದೆ. ಕಾಕಾ ದನದ ಮನೆಯಲ್ಲಿ ಬರೀ ಬನಿಯನ್ ಹಾಕಿಕೊಂಡು ನಿಂತು, ಆಕಳ ಹಿಂದೆ ಕೈ ಹಾಕಿ ಮಾಸು ಬಿಡಿಸುತ್ತಿದ್ದರು. ಮೊಣಕೈ ತನಕ ಬರಿಗೈ. ಮಾಸು ಮಾಮೂಲಿಯಾಗಿ ಇರಲಿಲ್ಲ, ಚರ್ಮದ ಹಾಗೆ ದಪ್ಪಗಾಗಿತ್ತು. ಅವರ ಬಲಗೈ ಹೆಬ್ಬೆರಳಿಗೆ ಹಿಂದಿನ ದಿನ ಕುಡುಗೋಲು ತಾಗಿತ್ತು. ಅದಕ್ಕೆ ಒಂದು ಅರಿವೆ ಚೂರು ಸುತ್ತಿಕೊಂಡಿದ್ದರು, ಅದೂ ತೊಯ್ದು ಜೋತಾಡುತ್ತಿತ್ತು.

"ಡಾಕ್ಟರನ್ನ ಕರೀಬೇಕಿತ್ತಲ್ಲ ಕಾಕಾ" ಅಂದೆ.

"ಏನಾಗೂದಿಲ್ಲ ಬಿಡಪಾ, ನಲವತ್ತು ವರ್ಷದಿಂದ ಇದನ್ನ ಮಾಡ್ಕೋಂತ ಬಂದೀನಿ."

ನನ್ನ ಅಂಗಡಿಯಲ್ಲಿ ಗ್ಲೌಸ್ ಡಬ್ಬಿಗಳು ಸಾಲಾಗಿ ಇದ್ದವು. ಒಂದು ಜೊತೆಯ ಬೆಲೆ ಎರಡು ಚಹಾದ ದುಡ್ಡು. ತಂದುಕೊಡಬೇಕು ಅಂತ ನನಗೆ ಹೊಳೆಯಲಿಲ್ಲ. ಸತ್ತ ಕರುವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಹಳ್ಳದ ದಂಡೆಗೆ ಒಗೆದು ಬಂದಿದ್ದರು. ಮರುದಿನ ಆ ಚೀಲ ನಾಲ್ಕು ಹೊಲದಾಚೆ ಸಿಕ್ಕಿತು, ಖಾಲಿ. ನಾಯಿಗಳು ಎಳೆದಾಡಿದ್ದವು.

ಒಂದು ತಿಂಗಳು ತುಂಬುವುದರೊಳಗೆ ಕಾಕಾಗೆ ಜ್ವರ ಶುರುವಾಯಿತು. ಬೆಳಿಗ್ಗೆ ಏನೂ ಇಲ್ಲ, ಹೊಲದ ಕೆಲಸ ಮಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮೈ ಕಾಯುತ್ತಿತ್ತು. ರಾತ್ರಿ ಬೆವರು ಎಷ್ಟು ಅಂದ್ರೆ, ಕಾಕು ದಿನಾ ಬೆಳಿಗ್ಗೆ ಕೌದಿಯನ್ನು ತಂತಿ ಮೇಲೆ ಒಣಹಾಕುತ್ತಿದ್ದರು. ಕೌದಿ ಒದ್ದೆಯಾದರೆ ಎಷ್ಟು ಭಾರ ಅಂತ ಹೊಲಿದವರಿಗೇ ಗೊತ್ತು. ತಂತಿ ಬಾಗಿ ನೆಲಕ್ಕೆ ತಾಗುತ್ತಿತ್ತು.

ಒಂದು ಆಸ್ಪತ್ರೆಯಲ್ಲಿ ರಕ್ತ ನೋಡಿ ಟೈಫಾಯ್ಡ್ ಎಂದರು. ಮಾತ್ರೆ ನನ್ನ ಅಂಗಡಿಯಿಂದಲೇ ಹೋಯಿತು, ಈ ಸಲ ಎಡಗಡೆ ಕಪಾಟಿನಿಂದ. ಜ್ವರ ಇಳಿಯಿತು. ಹತ್ತು ದಿನಕ್ಕೆ ವಾಪಸ್ ಬಂತು. ಮತ್ತೆ ಟೈಫಾಯ್ಡ್, ಮತ್ತೆ ಮಾತ್ರೆ. ಇನ್ನೊಂದು ಕಡೆ ಸೊಂಟದ ಎಕ್ಸ್‌ರೇ ತೆಗೆಸಿ "ವಯಸ್ಸಾಯ್ತಲ್ಲ" ಎಂದರು. ಕಾಕಾಗೆ 58. ಮೂರನೇ ಕಡೆ ಟಿಬಿ ಇರಬಹುದು ಅಂತ ಕಫ ತಪಾಸಣೆ ಆಯಿತು, ಅದೂ ಇರಲಿಲ್ಲ. ಈ ಡಾಕ್ಟರುಗಳನ್ನು ನಾನು ಬೈಯುವುದಿಲ್ಲ. ಹೊರಗೆ ನೂರು ಮಂದಿ ಸಾಲು ನಿಂತಿರುವಾಗ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಜಾಸ್ತಿ. ಜ್ವರ, ಬೆವರು, ಮೈಕೈ ನೋವು ಅಂದರೆ ಮೊದಲು ನೆನಪಾಗುವುದು ಟೈಫಾಯ್ಡೇ.

ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಇನ್ನೂ ಕಲಿಯುತ್ತಿದ್ದ ಒಬ್ಬ ಹುಡುಗಿ ಡಾಕ್ಟರ್ ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ, ಪಕ್ಕಕ್ಕಿಟ್ಟು, ಕೇಳಿದಳು.

"ಯಜಮಾನ್ರ, ಮನ್ಯಾಗ ದನಾ ಅದಾವೇನ್ರಿ?"

"ಅದಾವ್ರಿ."

"ಯಾವುದರ ಕಂದು ಹಾಕಿತ್ತೇನ್ರಿ?"

ಕಾಕಾ ನನ್ನ ಮುಖ ನೋಡಿದರು. ಐದು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾವ ಆಸ್ಪತ್ರೆಯಲ್ಲೂ ಕೇಳಿರಲಿಲ್ಲ. ಎರಡೂ ಔಷಧಿ ಕಟ್ಟಿಕೊಟ್ಟ ನಾನೂ ಕೇಳಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು. ದನದ ಡಾಕ್ಟರುಗಳು ಕಂದು ರೋಗ ಅನ್ನುತ್ತಾರಲ್ಲ, ಅದೇ. ಎರಡು ಬಗೆಯ ಔಷಧಿ, ಆರು ವಾರ, ಒಂದು ದಿನವೂ ತಪ್ಪಿಸುವಂತಿಲ್ಲ. ನಡುವೆ ಬಿಟ್ಟರೆ ಮತ್ತೆ ಮರಳುವ ಜಾತಿ ಇದು. ಈಗ ಜ್ವರ ಇಲ್ಲ. ಸೊಂಟ ಮಾತ್ರ ಇನ್ನೂ ಹಿಡಿಯುತ್ತದೆ. ಬಗ್ಗಿ ಹಾಲು ಕರೆಯಲು ಆಗುವುದಿಲ್ಲ, ಕಾಕೂನೇ ಕರೆಯುತ್ತಾರೆ.

ನಿಮಗೆ ಗೊತ್ತಿರುವುದೇ, ಆದರೆ ಈ ಪತ್ರ ಊರ ಮಂದಿಯೂ ಓದಲಿ ಅಂತ ಎರಡು ಮಾತು ಹೇಳುತ್ತೇನೆ. ಕಂದು ಹಾಕಿದ ದನದ ಮಾಸು, ಸತ್ತ ಕರು, ಅದರ ನೀರು, ಇವುಗಳಲ್ಲಿ ರೋಗಾಣು ಕಿಕ್ಕಿರಿದಿರುತ್ತದೆ. ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು, ಒಳಗೆ ಹೋಗುತ್ತದೆ. ಕಣ್ಣಿಗೆ ಸಿಡಿದರೂ ಹೋಗುತ್ತದೆ. ಉಸಿರಿನ ದಾರಿಯಲ್ಲೂ ಹೋಗಬಹುದು. ಇನ್ನೊಂದು ದಾರಿ ಹಸಿ ಹಾಲು. ಕರೆದ ಕೂಡಲೇ ಬಿಸಿಬಿಸಿ ನೊರೆಹಾಲು ಮಕ್ಕಳಿಗೆ ಕುಡಿಸುವುದನ್ನು ನಾವು ಶಕ್ತಿ ಬರುತ್ತದೆ ಅಂತ ಮಾಡುತ್ತೇವೆ. ಕಾಕಾನ ಮೊಮ್ಮಗನೂ ಕುಡಿಯುತ್ತಿದ್ದ. ಅವನದೂ ಕಾಕೂದೂ ರಕ್ತವನ್ನು ನಾವೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದೆವು. ಪುಣ್ಯಕ್ಕೆ ಏನೂ ಇರಲಿಲ್ಲ. ಹಾಲು ಉಕ್ಕಿಬರುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ, ಅಷ್ಟೇ ಸಾಕು.

ಮೋಸ ಇರುವುದು ಇಲ್ಲಿ. ಈ ರೋಗ ಬಂದ ಆಕಳು ನೋಡಲು ಚೆನ್ನಾಗಿಯೇ ಇರುತ್ತದೆ. ಹೆಚ್ಚಾಗಿ ಒಂದೇ ಸಲ ಕಂದು ಹಾಕುತ್ತದೆ. ಮುಂದಿನ ಸಲ ದಿನ ತುಂಬಿ ಈಯುತ್ತದೆ. ಮಾಲೀಕ "ಅದೇನೋ ದೃಷ್ಟಿ ಆಗಿತ್ತು, ಹೋಯ್ತು" ಅಂದುಕೊಳ್ಳುತ್ತಾನೆ. ರೋಗಾಣು ಹಾಲಿನಲ್ಲಿ ಬರುತ್ತಲೇ ಇರುತ್ತದೆ.

ಕಾಕಾ ಮಾತ್ರೆ ನುಂಗುತ್ತಿದ್ದ ಆ ಆರು ವಾರ ನಾನು ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಹಳೆಯ ಕಥೆ ಓದಿದಾಗ ನಗು ಬಂತು, ನಮ್ಮ ತಾಲೂಕಿನ ಕಥೆಯ ಹಾಗೇ ಇದೆ.

ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪ. ಅಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಜ್ವರ ಬರುತ್ತಿತ್ತು, ಏರುತ್ತಿತ್ತು, ಇಳಿಯುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನೆಯ ಡಾಕ್ಟರ್, ಸತ್ತವರ ಗುಲ್ಮದಿಂದ ರೋಗಾಣು ಬೇರೆ ಮಾಡಿದರು. ಆದರೆ ಅದು ಬರುವುದು ಎಲ್ಲಿಂದ? ಗೊತ್ತಿಲ್ಲ. 18 ವರ್ಷ ಗೊತ್ತಾಗಲಿಲ್ಲ. ಆ ಊರಿನಲ್ಲಿ ಆಡುಗಳನ್ನು ಮನೆ ಬಾಗಿಲಿಗೇ ಹೊಡೆದುಕೊಂಡು ಬಂದು ಹಾಲು ಕರೆದು ಕೊಡುತ್ತಿದ್ದರು. ದಿನಾ ಎಲ್ಲರ ಕಣ್ಣೆದುರೇ. ಆಡುಗಳು ದಷ್ಟಪುಷ್ಟವಾಗಿದ್ದವು, ಅವುಗಳ ಮೇಲೆ ಯಾರಿಗೆ ಸಂಶಯ ಬರುತ್ತದೆ? 1905ರಲ್ಲಿ ಅದೇ ದ್ವೀಪದ ಡಾಕ್ಟರ್ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಆಡುಗಳ ರಕ್ತ ಪರೀಕ್ಷೆ ಮಾಡಿದರು. ನೋಡಿದರೆ ಸುಮಾರು ಅರ್ಧದಷ್ಟು ಆಡುಗಳಲ್ಲಿ ಸೋಂಕು! ಮರುವರ್ಷ ಸಿಪಾಯಿಗಳಿಗೆ ಆಡಿನ ಹಾಲು ನಿಲ್ಲಿಸಿದರು. ಜ್ವರ ಧಡಕ್ಕನೆ ಇಳಿಯಿತು.

ಇನ್ನೊಂದು ಕಡೆ ಡೆನ್ಮಾರ್ಕಿನಲ್ಲಿ ಬರ್ನಾರ್ಡ್ ಬ್ಯಾಂಗ್ ಎಂಬ ದನದ ಡಾಕ್ಟರ್, ಆಕಳು ಕಂದು ಹಾಕಲು ಕಾರಣವಾದ ರೋಗಾಣುವನ್ನು 1897ರಲ್ಲೇ ಕಂಡುಹಿಡಿದಿದ್ದರು. ಅಂದ್ರೆ ಮಂದಿ ಡಾಕ್ಟರ್ ಹತ್ತಿರ ಒಂದು, ದನದ ಡಾಕ್ಟರ್ ಹತ್ತಿರ ಒಂದು. ಎರಡೂ ಹತ್ತಿರದ ಸಂಬಂಧಿಗಳು. ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಲು 1918 ಬರಬೇಕಾಯಿತು. ನೋಡಿದವರು ಅಲಿಸ್ ಇವಾನ್ಸ್, ಅಮೆರಿಕದ ವಿಜ್ಞಾನಿ. ಹಸಿ ಹಾಲಿನಿಂದ ಮಂದಿಗೂ ಬರಬಹುದು ಎಂದರು. ದೊಡ್ಡ ದೊಡ್ಡವರು ನಂಬಲಿಲ್ಲ. 1922ರಲ್ಲಿ ಅವರಿಗೇ ಆ ರೋಗ ಅಂಟಿತು. ಆಗ ಡಾಕ್ಟರುಗಳು ಅವರಿಗೆ ಹೇಳಿದ್ದು ನರದೌರ್ಬಲ್ಯ ಅಂತ. ನಮ್ಮ ಕಾಕಾಗೆ "ವಯಸ್ಸಾಯ್ತು" ಅಂದ ಹಾಗೆ.

ಅದು ನೂರು ವರ್ಷದ ಹಿಂದಿನ ಮಾತು. ಈಗ ನಮ್ಮ ಜಿಲ್ಲೆ ನೋಡೋಣ. ಗದಗಿನಲ್ಲಿ ಮೆಡಿಕಲ್ ಕಾಲೇಜು ಇದೆ. ಅದೇ ಗದಗಿನಲ್ಲಿ ಪಶುವೈದ್ಯ ಕಾಲೇಜೂ ಇದೆ. ಎಷ್ಟು ಜಿಲ್ಲೆಗೆ ಈ ಭಾಗ್ಯ ಉಂಟು? ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಯಲು ಮಂದಿಗೆ 108, ದನಕ್ಕೆ 1962. ಮನೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ, ದನಕರು ವಿಚಾರಿಸುವ ಪಶು ಸಖಿಯೂ ಬರುತ್ತಾರೆ. ಕಾಕಾನ ಮನೆಗೆ ಒಬ್ಬರು ಸೋಮವಾರ ಬಂದು ಜ್ವರ ಬರೆದುಕೊಂಡು ಹೋದರು. ಇನ್ನೊಬ್ಬರು ಗುರುವಾರ ಬಂದು ಆಕಳು ಕಂದು ಹಾಕಿದ್ದನ್ನು ಕೇಳಿಕೊಂಡು ಹೋದರು. ಇಬ್ಬರೂ ಒಂದೇ ಕಟ್ಟೆ ಮೇಲೆ ಕುಂತು ಕಾಕು ಕೊಟ್ಟ ಚಹಾ ಕುಡಿದಿದ್ದಾರೆ. ಒಬ್ಬರ ಪುಸ್ತಕ ಇನ್ನೊಬ್ಬರು ನೋಡಿಲ್ಲ. ನೋಡಿ ಅಂತ ಅವರಿಗೆ ಯಾರೂ ಹೇಳಿಯೂ ಇಲ್ಲ.

ಆಕಳ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ಕಾಕಾನ ಆಧಾರ್ ಕಾರ್ಡಿನಲ್ಲೂ 12 ಅಂಕಿ. ಎರಡೂ ಸರ್ಕಾರದ ಕಂಪ್ಯೂಟರಿನಲ್ಲಿ ಇವೆ. ಐದು ತಿಂಗಳಲ್ಲಿ ಒಂದು ಸಲವಾದರೂ ಆ ಎರಡು ನಂಬರು ಒಂದನ್ನೊಂದು ನೋಡಿದ್ದರೆ ಕಾಕಾನ ಸೊಂಟ ಉಳಿಯುತ್ತಿತ್ತು, ಅಲ್ವಾ?

ಇಲಾಖೆಗಳು ಒಟ್ಟಿಗೆ ಕೆಲಸ ಮಾಡುವುದು ಆಗದ ಮಾತು ಅಂತ ದಯವಿಟ್ಟು ಹೇಳಬೇಡಿ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹಾನಗಲ್ ದಾಟಿದರೆ ಸೊರಬ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಲು ಶುರುವಾದವು, ಜೊತೆಗೇ ಮಂದಿಗೆ ಜ್ವರ. ಉಣ್ಣೆ ಹುಳದಿಂದ ಹರಡುವ ವೈರಸ್ ಅಂತ ಗೊತ್ತಾಯಿತು. ಇವತ್ತು ಮಲೆನಾಡಿನಲ್ಲಿ ಕಾಡಂಚಿಗೆ ಒಂದು ಮಂಗ ಸತ್ತುಬಿದ್ದರೆ ಸುದ್ದಿ ಆರೋಗ್ಯ ಇಲಾಖೆಗೆ ಹೋಗುತ್ತದೆ. ಅರಣ್ಯದವರು, ಪಶುವೈದ್ಯರು, ಆರೋಗ್ಯದವರು ಎಲ್ಲರೂ ಓಡುತ್ತಾರೆ. ಸತ್ತ ಮಂಗವೇ ಅಲ್ಲಿ ಗಂಟೆ ಬಾರಿಸುತ್ತದೆ. ನಮ್ಮ ಬಯಲುಸೀಮೆಯಲ್ಲಿ ಕಂದು ಹಾಕಿದ ಆಕಳೂ ಅದೇ ಗಂಟೆ ಬಾರಿಸುತ್ತಿದೆ. ಕೇಳುವ ಕಿವಿ ದನದ ದವಾಖಾನೆಯಲ್ಲಿದೆ, ಜ್ವರ ಬಂದ ಮಂದಿ ಇನ್ನೊಂದು ದವಾಖಾನೆಯಲ್ಲಿದ್ದಾರೆ.

ನಾವು ಮಂದಿಯೂ ಏನು ಕಮ್ಮಿ ಇಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನೆನಪಿದೆಯಾ? ದನದ ಸಂತೆ ಬಂದ್ ಆಗಿದ್ದವು. ಎತ್ತಿನ ಮೈಮೇಲೆ ನಿಂಬೆಹಣ್ಣಿನಂಥ ಗಂಟು ನೋಡಿ ನಮ್ಮ ಊರಲ್ಲಿ ಎಷ್ಟೋ ಮಂದಿ ಹಾಲು ಬಿಟ್ಟಿದ್ದರು. ನನ್ನ ಅಂಗಡಿಗೆ ಬಂದು "ನಮಗೂ ಬರ್ತೈತೇನ್ರಿ, ಏನರ ಮಾತ್ರಿ ಕೊಡ್ರಿ" ಅಂದವರಿದ್ದಾರೆ. ಆ ರೋಗ ನೊಣ, ಸೊಳ್ಳೆ, ಉಣ್ಣೆ ಕಚ್ಚಿ ದನದಿಂದ ದನಕ್ಕೆ ಹೋಗುತ್ತದೆ, ಮಂದಿಗೆ ಬರುವುದೇ ಇಲ್ಲ. ಕಣ್ಣಿಗೆ ಕಾಣುವ ಗಂಟಿಗೆ ಹೆದರಿ ಕಾಯಿಸಿದ ಹಾಲು ಬಿಟ್ಟೆವು. ಗಂಟಿಲ್ಲದ ಆಕಳ ನೊರೆಹಾಲು ಮಗುವಿಗೆ ಕುಡಿಸಿದೆವು. ಆಗ ಯಾರಾದರೂ ಊರಿಗೆ ಬಂದು ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಹೇಳಿದ್ದರೆ ಚೆನ್ನಾಗಿತ್ತು. ಆದರೆ ಯಾರು ಹೇಳಬೇಕಿತ್ತು? ದನದ ಡಾಕ್ಟರ್ ದನಕ್ಕೆ ಲಸಿಕೆ ಹಾಕುವುದರಲ್ಲಿ ಮುಳುಗಿದ್ದರು. ಮಂದಿ ಡಾಕ್ಟರಿಗೆ ಅದು ತಮ್ಮ ರೋಗವಲ್ಲ.

ಸರಿ, ನಾನು ಕೇಳುವುದು ದೊಡ್ಡದೇನೂ ಇಲ್ಲ.

ಒಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಅಂತ ಇರುತ್ತದಲ್ಲ, ಅದರ ಕೆಳಗೆ ಒಂದು ಸಾಲು ಹಾಕಿಸಿ: ಮನೆಯಲ್ಲಿ ದನ, ಎಮ್ಮೆ, ಕುರಿ, ಆಡು ಇವೆಯೇ? ಇತ್ತೀಚೆಗೆ ಯಾವುದಾದರೂ ಕಂದು ಹಾಕಿದೆಯೇ? ಚೀಟಿ ಬರೆಯುವ ಕೌಂಟರಿನಲ್ಲೇ ಕೇಳಬಹುದು. ಡಾಕ್ಟರ್ ಎರಡು ನಿಮಿಷದಲ್ಲಿ ಒಂದು ಸೆಕೆಂಡೂ ಹೋಗುವುದಿಲ್ಲ. ಹೌದು ಅಂದವರಿಗೆ, ಜ್ವರ ವಾರ ದಾಟಿದ್ದರೆ, ಟೈಫಾಯ್ಡ್ ಪರೀಕ್ಷೆಯ ಜೊತೆ ಇದನ್ನೂ ಮಾಡಲಿ. ರೋಸ್ ಬೆಂಗಾಲ್ ಎಂಬ ಪರೀಕ್ಷೆ ಇದೆ. ಒಂದು ಹನಿ ಸೀರಂ (ರಕ್ತದ ತಿಳಿ ಭಾಗ), ಒಂದು ಹನಿ ಗುಲಾಬಿ ಬಣ್ಣದ ದ್ರಾವಣ, ಬಿಳಿ ಫಲಕದ ಮೇಲೆ ಕಲಸಿದರೆ ನಾಲ್ಕು ನಿಮಿಷದಲ್ಲಿ ಗೊತ್ತಾಗುತ್ತದೆ. ಪಕ್ಕಾ ಮಾಡಿಕೊಳ್ಳಲು ಬೇರೆ ಪರೀಕ್ಷೆ ಬೇಕು, ಆದರೆ ಸಂಶಯಪಡಲು ಇದು ಸಾಕು. ದನಕ್ಕೂ ಇದೇ ಪರೀಕ್ಷೆ ಬಳಸುತ್ತಾರೆ. ಹಾಗಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಯಾಕೆ ಇರಬಾರದು?

ಆ ಕಡೆಯಿಂದ, ಪಶುವೈದ್ಯರು ಕಂದು ಹಾಕಿದ ದನ ನೋಡಿದಾಗ ಮಾದರಿ ತೆಗೆದು ಕಳಿಸಲಿ. ಜೊತೆಗೆ ಆ ಮನೆಯ ಫೋನ್ ನಂಬರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕಳಿಸಲಿ. ಒಂದು ವಾಟ್ಸಾಪ್ ಸಾಕು. ಆಶಾ ಕಾರ್ಯಕರ್ತೆ ಎರಡು ತಿಂಗಳು ಆ ಮನೆಯ ಜ್ವರದ ಮೇಲೆ ಕಣ್ಣಿಡಲಿ. ಬಸುರಿ ಹೆಂಗಸರಿದ್ದರೆ ಮೊದಲು ಅವರನ್ನು ಕೇಳಲಿ, ಅವರಿಗೆ ಗರ್ಭಪಾತದ ಭಯ ಇದೆ. ಪಶುವೈದ್ಯರಿಗೂ ಇದು ಒಳ್ಳೆಯದೇ. ಯಾಕಂದ್ರೆ ಈ ರೋಗ ಅವರಿಗೇ ಜಾಸ್ತಿ ಅಂಟುತ್ತದೆ. ಕರುಗಳಿಗೆ ಹಾಕುವ ಲಸಿಕೆಯಲ್ಲಿರುವುದೂ ಜೀವಂತ ರೋಗಾಣು, ಸೂಜಿ ತಮಗೇ ಚುಚ್ಚಿಕೊಂಡರೆ ಅದೂ ಅಪಾಯ. ಜ್ವರ ಬಂದ ಪಶುವೈದ್ಯ ಸಿಬ್ಬಂದಿಯನ್ನು "ಏನು ಕೆಲಸ ಮಾಡ್ತೀರಿ" ಅಂತ ಕೇಳದೆ ಟೈಫಾಯ್ಡ್ ಮಾತ್ರೆ ಕೊಟ್ಟು ಕಳಿಸಿದ್ದನ್ನು ನನ್ನ ಕೌಂಟರಿನಲ್ಲಿ ನೋಡಿದ್ದೇನೆ.

ಲಸಿಕೆ ಮಾತು ಬಂತಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ರೋಗ ಮತ್ತು ಕಂದು ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಐದು ವರ್ಷಕ್ಕೆ 13,343 ಕೋಟಿ ರೂಪಾಯಿ. ಕಂದು ರೋಗದ ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುವಿಗೆ, ಜೀವನದಲ್ಲಿ ಒಂದೇ ಸಲ. ಒಳ್ಳೆಯ ಕೆಲಸ. ಆದರೆ ಆ ನಾಲ್ಕು ತಿಂಗಳ ಕಿಟಕಿ ಮುಚ್ಚಿದರೆ ಮುಗಿಯಿತು. ಕಾಲುಬಾಯಿ ಲಸಿಕೆಗೆ ಊರೆಲ್ಲ ಡಂಗುರ ಕೇಳುತ್ತದೆ. ಇದರ ಡಂಗುರ ನಮ್ಮ ಊರಲ್ಲಿ ನಾನು ಕೇಳಿಲ್ಲ. ಇನ್ನೂ ಒಂದು. ಈ ಲಸಿಕೆ ಆಕಳು, ಎಮ್ಮೆಗಳ ಕರುಗಳಿಗೆ ಮಾತ್ರ. ಶಿರಹಟ್ಟಿ, ಮುಂಡರಗಿ ಕಡೆ ಎಷ್ಟು ಕುರಿ ಇವೆ ಅಂತ ನಿಮಗೆ ನಾನು ಹೇಳಬೇಕಾ? ಕುರಿ ಮತ್ತು ಆಡಿನಿಂದ ಬರುವ ಬಗೆಯೇ ಮಂದಿಗೆ ಹೆಚ್ಚು ಕಾಡುವುದು. ಕುರಿಗಾರರು ಹೊಲದಿಂದ ಹೊಲಕ್ಕೆ ಹೋಗುತ್ತಾರೆ, ಬಯಲಲ್ಲೇ ಕುರಿ ಈಯುತ್ತವೆ, ಕೈಯಲ್ಲೇ ಮರಿ ಎಳೆಯುತ್ತಾರೆ. ಅವರಿಗೆ ಜ್ವರ ಬಂದರೆ ಯಾವ ಊರಿನ ಚೀಟಿ, ಯಾವ ಊರಿನ ಲೆಕ್ಕ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಎರಡು ಕಾಲೇಜಿನ ಹುಡುಗರನ್ನು ಒಂದೇ ಜೀಪಿನಲ್ಲಿ ಕುರಿಹಟ್ಟಿಗೆ ಕಳಿಸಿದರೆ ಅವರಿಗೆ ಸಿಗಬಹುದು.

ಕೊನೆಗೆ ಒಂದು ಕಷ್ಟದ ಮಾತು. 2009ರ ಕಾಯ್ದೆ ಪ್ರಕಾರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಂಡರೆ ಮಾಲೀಕ ತಿಳಿಸಲೇಬೇಕು. ಕಂದು ರೋಗವೂ ಆ ಪಟ್ಟಿಯಲ್ಲಿದೆ. ಆದರೆ ತಿಳಿಸಿದ ಮೇಲೆ ಅವನ ಗತಿ ಏನು? ಹಾಲು ಯಾರೂ ತೆಗೆದುಕೊಳ್ಳುವುದಿಲ್ಲ. ಆಕಳನ್ನು ಇಟ್ಟುಕೊಳ್ಳಲೂ ಆಗದು, ಕೊಡಲೂ ಆಗದು. ಅದರ ಮೇಲೆ ತೆಗೆದ ಸಾಲ ಹಾಗೇ ಇರುತ್ತದೆ. ಪರಿಹಾರದ ದಾರಿ ತೋರಿಸದೆ "ತಿಳಿಸಿ" ಅಂದರೆ ಯಾರು ತಿಳಿಸುತ್ತಾರೆ? ಕಾಕಾ ತಿಳಿಸಲಿಲ್ಲ. ಅವರಿಗೆ ರೋಗದ ಹೆಸರು ಗೊತ್ತಾಗುವ ಮೊದಲೇ, ದಸರೆಯ ಮುಂಚೆ, ಆಕಳು ಹಾಲು ಕಮ್ಮಿ ಮಾಡಿತು ಅಂತ ಸಂತೆಯಲ್ಲಿ ಮಾರಿದ್ದರು. ನೋಡಲು ಚೆನ್ನಾಗಿತ್ತು, ಒಳ್ಳೆಯ ರೇಟೇ ಬಂತು. ಕೊಂಡವರು ಯಾವ ಊರಿನವರು ಅಂತ ಕಾಕಾಗೆ ಗೊತ್ತಿಲ್ಲ. ಆ ಮನೆಯಲ್ಲಿ ಯಾರು ಹಾಲು ಕರೆಯುತ್ತಾರೋ, ಯಾವ ಮಗು ನೊರೆಹಾಲು ಕುಡಿಯುತ್ತದೋ.

ಆ ಆಕಳ ಕಿವಿಬಿಲ್ಲೆಯ ನಂಬರು ಕಾಕಾನ ಹತ್ತಿರ ಇತ್ತು. ಬರೆದುಕೊಂಡು ಬಂದು ನನ್ನ ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಅದನ್ನು ಯಾರಿಗೆ ಕೊಡಬೇಕು? ನಿಮ್ಮಿಬ್ಬರಲ್ಲಿ ಒಬ್ಬರು ಒಂದು ಸಾಲು ಬರೆದು ತಿಳಿಸಿ. ಬುಧವಾರ ಬಿಟ್ಟು ಎಲ್ಲ ದಿನ ಅಂಗಡಿ ತೆಗೆದಿರುತ್ತದೆ.

ಇಂತಿ,
ಗದಗ ಜಿಲ್ಲೆಯ ಒಬ್ಬ ಔಷಧಿ ಅಂಗಡಿಯವ